ಬಾಯಿಗೆ ಬಂದ ಮಾತು

‘ಬಾಯಿಗೆ ಬಂದಂತೆ ಮಾತಾಡಿದ’ ಎಂದು ಒಬ್ಬನ ಮೇಲೆ ದೂರು ಹೇಳುತ್ತೇವೆ. ‘ಪಾಪ, ಮಾತು ಬಾಯಿಗೇ ಬರಲಿಲ್ಲ’ ಎಂದು ಇನ್ನೊಬ್ಬನಿಗಾಗಿ ಮರುಗುತ್ತೇವೆ. ಮಾತು ತಾನಾಗಿ ಬಾಯಿಗೆ ಬರುವುದು ಗುಣವೋ ದೋಷವೋ ಎಂಬುದನ್ನು ನಮ್ಮ ನುಡಿ ಇನ್ನೂ ತೀರ್ಮಾನಿಸಿದಂತೆ ಕಾಣುವುದಿಲ್ಲ. ನನಗೂ ಅದು ತೀರ್ಮಾನವಾಗಿಲ್ಲ. ಆದರೆ ಈ ಪ್ರಶ್ನೆ ನನ್ನನ್ನು ಮೂವತ್ತು ವರ್ಷಗಳಿಂದ ಕಾಡಿದೆ. ಅದು ಮೊದಲು ಹುಟ್ಟಿದ್ದು ಯಾವ ಶಾಸ್ತ್ರಗ್ರಂಥದ ವ್ಯಾಸಂಗದಲ್ಲಿಯೂ ಅಲ್ಲ, ಹೊನ್ನಾಳಿಯ ಒಂದು ಹೈಸ್ಕೂಲಿನ ಹೆಂಚಿನ ಕೊಠಡಿಯಲ್ಲಿ, ಶನಿವಾರದ ಬೆಳಗಿನ ಹೊತ್ತು.

1994ನೆಯ ಇಸವಿ. ಹೊನ್ನಾಳಿ ಆಗ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ನ್ಯಾಮತಿ ಹೊನ್ನಾಳಿಯ ಒಂದು ಹೋಬಳಿಯಾಗಿತ್ತೇ ಹೊರತು ಇನ್ನೂ ತಾಲ್ಲೂಕಾಗಿರಲಿಲ್ಲ. ನಾನು ಒಂಬತ್ತನೆಯ ತರಗತಿಯ ಹುಡುಗ. ನಮ್ಮ ಕನ್ನಡ ಮೇಷ್ಟ್ರು ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಸಾಹಿತ್ಯ ಸಂಘವೆಂಬ ಒಂದು ಕೂಟ ನಡೆಸುತ್ತಿದ್ದರು. ಅಧ್ಯಕ್ಷ ಭಾಷಣ, ವಂದನಾರ್ಪಣೆ ಮೊದಲಾದ ಶಾಸ್ತ್ರಗಳೆಲ್ಲ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದವು. ಆಮೇಲೆ ಸೀಮೆಸುಣ್ಣದ ಖಾಲಿ ಡಬ್ಬಿಯೊಂದು ಮೇಜಿನ ಮೇಲೆ ಬರುತ್ತಿತ್ತು. ಅದರ ತುಂಬ ಮಡಿಸಿದ ಚೀಟಿಗಳು. ಇಬ್ಬರು ಹುಡುಗರು ಹೋಗಿ ಒಂದು ಚೀಟಿ ಎತ್ತಬೇಕು. ಅದರಲ್ಲಿ ಬರೆದ ಸಂದರ್ಭವನ್ನು ಅಲ್ಲಿಯೇ ನಿಂತು ಆಡಿ ತೋರಿಸಬೇಕು. ಮುಂಚಿತವಾಗಿ ಯೋಚಿಸುವುದಕ್ಕೆ ಅವಕಾಶವಿಲ್ಲ. ಕಪ್ಪುಹಲಗೆಯ ಮುಂದಿನ ಆರಡಿ ಜಾಗವೇ ರಂಗ. ಮೇಷ್ಟ್ರ ಕುರ್ಚಿಯೊಂದೇ ಪರಿಕರ.

ಆಟಕ್ಕೆ ಒಂದೇ ನಿಯಮ. ‘ಜೊತೆಗಾರ ಆಡಿದ್ದು ಆಯಿತು ಅಂತಲೇ ತಿಳೀರಿ ಕಣ್ರೋ. ಅವನು ಹೌದು ಅಂದಿದ್ದಕ್ಕೆ ನೀವು ಇಲ್ಲ ಅನ್ನಕೂಡದು’ ಎಂದು ಮೇಷ್ಟ್ರು ಪ್ರತಿ ವಾರವೂ ಹೇಳುತ್ತಿದ್ದರು. ಜೊತೆಗಾರ ನಿಮ್ಮನ್ನು ‘ಏನಜ್ಜಿ’ ಎಂದು ಕರೆದನೋ, ಮುಗಿಯಿತು, ನೀವು ಅಜ್ಜಿ. ಬೆನ್ನು ಬಾಗಬೇಕು, ಎಲೆಅಡಿಕೆ ಕುಟ್ಟಬೇಕು.

ಮುಂದೆ ನಾನು ಎಂ.ಎ. ಓದುವಾಗ ತಿಳಿಯಿತು, ಈ ನಿಯಮ ನಮ್ಮ ಮೇಷ್ಟ್ರೊಬ್ಬರ ಸೊತ್ತಲ್ಲವೆಂದು. ಅಮೆರಿಕದ ಷಿಕಾಗೋ ನಗರದಲ್ಲಿ ವಯೋಲಾ ಸ್ಪೋಲಿನ್ ಎಂಬ ಮಹಿಳೆ ವಲಸೆ ಬಂದ ಬಡವರ ಮಕ್ಕಳಿಗೆ ಆಟಗಳ ಮೂಲಕವೇ ನಟನೆ ಕಲಿಸುತ್ತಿದ್ದಳು. ಆ ಆಟಗಳನ್ನು 1963ರಲ್ಲಿ ಗ್ರಂಥರೂಪಕ್ಕೆ ತಂದಳು. ಅವಳ ಮಗ ಮತ್ತು ಅವನ ಸಂಗಡಿಗರು 1959ರಲ್ಲಿ ಅದೇ ಊರಿನಲ್ಲಿ ಸೆಕೆಂಡ್ ಸಿಟಿ ಎಂಬ ರಂಗಮಂದಿರ ತೆರೆದು, ಪ್ರೇಕ್ಷಕರು ಕೊಟ್ಟ ಸೂಚನೆಯ ಮೇಲೆ ಹಾಸ್ಯ ಕಟ್ಟುವುದನ್ನೇ ಕಸುಬಾಗಿ ಬೆಳೆಸಿದರು. ಅಲ್ಲಿಯೂ ಜೊತೆಗಾರನ ಮಾತನ್ನು ಒಪ್ಪಿ ಮುಂದುವರಿಸುವುದೇ ಮೊದಲನೆಯ ಪಾಠ. ನಮ್ಮ ಮೇಷ್ಟ್ರು ಆ ಹೆಂಗಸಿನ ಹೆಸರನ್ನು ಕೇಳಿದ್ದರೆಂದು ನಾನು ನಂಬುವುದಿಲ್ಲ. ಅವರು ಬಯಲಾಟ ನೋಡಿ ಬೆಳೆದವರು. ಕಂಪನಿ ನಾಟಕದ ಹುಚ್ಚು ಬೇರೆ ಇತ್ತು. ಎರಡು ಕಡೆಯವರು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಬಾವಿಯ ನೀರು ಸೇದಿದ್ದರು, ಅಷ್ಟೆ.

ಆ ಆಟದ ಸಂತೋಷ ಎಂತಹುದೆಂದು ಹೇಳಬೇಕು. ಹೇಳದಿದ್ದರೆ ಮುಂದಿನ ಮಾತಿಗೆ ತೂಕವಿಲ್ಲ. ಒಂದು ವಾರ ನನಗೂ ನನ್ನ ಗೆಳೆಯನಿಗೂ ‘ಸಂತೆಯಲ್ಲಿ ಎಮ್ಮೆಯ ವ್ಯಾಪಾರ’ ಎಂಬ ಚೀಟಿ ಬಂತು. ಅವನು ಮಾರುವವನು, ನಾನು ಕೊಳ್ಳುವವನು. ನಾನು ಇಲ್ಲದ ಎಮ್ಮೆಯ ಸುತ್ತ ಒಂದು ಪ್ರದಕ್ಷಿಣೆ ಬಂದೆ. ಏನು ಹೇಳಬೇಕೆಂಬುದು ತಲೆಗೆ ಹೊಳೆದಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ಇದು: ‘ಇದ್ಕೆ ಮೂರೇ ಕಾಲು ಐತಲ್ಲ ಯಜಮಾನ್ರೆ?’

ಹಾಗೆಂದ ಮೇಲೆ ನನ್ನ ಎದೆ ಧಸಕ್ಕೆಂದಿತು. ಅವನನ್ನು ಎಂತಹ ಗುಂಡಿಗೆ ನೂಕಿದೆನಲ್ಲ! ಆದರೆ ಅವನು ಒಂದು ಗಳಿಗೆಯೂ ತಡೆಯಲಿಲ್ಲ. ‘ನಾಕನೇದು ಮನೇಲೈತೆ ಗೌಡ್ರೆ. ಅಷ್ಟು ದೂರ ನಡೆಸ್ಕಂಡು ಬರಾಕೆ ಮೂರು ಸಾಕು ಅಂತ ಒಂದು ಬಿಟ್ಟು ಬಂದೆ. ಮುಂದಿನ ಸಂತೇಲಿ ತಂದುಕೊಡ್ತೀನಿ, ಕಂತಿನ ಮೇಲೆ ತಗಳ್ರಿ’ ಎಂದ. ಕೊಠಡಿಯೇ ನಕ್ಕಿತು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ಅಲ್ಲಿಂದ ಮುಂದೆ ಆ ಎಮ್ಮೆ ಏನೇನು ಮಾಡಿತೋ ನನಗೆ ಜ್ಞಾಪಕವಿಲ್ಲ. ಜ್ಞಾಪಕವಿರುವುದು ಅದು ನಮ್ಮಿಬ್ಬರ ಕಣ್ಣಿಗೂ ಕಂಡಿತೆಂಬುದು. ಅದರ ಬಾಲಕ್ಕೆ ನಾನು ದಾರಿ ಬಿಟ್ಟು ನಿಂತಿದ್ದೆ.

ಈ ಸಂತೋಷ ಚಪ್ಪಾಳೆಯ ಸಂತೋಷವಲ್ಲ. ಕಂಠಪಾಠ ಮಾಡಿದ ಭಾಷಣಕ್ಕೂ ನನಗೆ ಚಪ್ಪಾಳೆ ಬಿದ್ದಿದೆ. ಆಗ ಆದದ್ದು ಹೆಮ್ಮೆ. ಹೆಮ್ಮೆಯಲ್ಲಿ ‘ನಾನು’ ಉಬ್ಬುತ್ತೇನೆ. ಚೀಟಿಯ ಆಟದಲ್ಲಿ ಆ ‘ನಾನು’ ಎಂಬುದು ಎಲ್ಲಿಯೋ ಕಾಣೆಯಾಗುತ್ತದೆ. ಮುಂದೆ ಏನಾಗುವುದೆಂಬುದು ಆಡುವ ಇಬ್ಬರಿಗೂ ತಿಳಿಯದು. ಒಂದು ಕಾಲು ಮುಂದಿಡುತ್ತೀರಿ, ಕೆಳಗೆ ನೆಲವಿಲ್ಲ, ಜೊತೆಗಾರ ಅಂಗೈ ಒಡ್ಡಿ ಅದನ್ನೇ ನೆಲ ಮಾಡುತ್ತಾನೆ. ಮರುಗಳಿಗೆ ನೀವು ಅವನಿಗೆ ನೆಲವಾಗಬೇಕು. ಹದಿನಾಲ್ಕು ವರ್ಷದ ಹುಡುಗನಿಗೆ ಮನೆಯಲ್ಲಿ ಬೈಗಳು, ತರಗತಿಯಲ್ಲಿ ಬೆತ್ತ. ಅವನು ಆಡಿದ್ದನ್ನೆಲ್ಲ ಯಾರಾದರೊಬ್ಬರು ‘ಅಲ್ಲ’ ಎನ್ನುತ್ತಲೇ ಇರುತ್ತಾರೆ. ವಾರಕ್ಕೊಮ್ಮೆ ಐದು ನಿಮಿಷ ಮಾತ್ರ ಅವನು ಏನೇ ಹೇಳಲಿ, ಒಬ್ಬನು ‘ಹೌದು’ ಎನ್ನಬೇಕಾಗಿತ್ತು. ನನ್ನ ಜೀವನದಲ್ಲಿ ಅಷ್ಟು ನಿಸ್ಸಂಕೋಚವಾದ ‘ಹೌದು’ ಎಂಬುದನ್ನು ಮತ್ತೆ ಕೇಳಿದ್ದು ಬಹಳ ಕಡಿಮೆ.

ಇನ್ನು ಮುಖ್ಯ ಸಂಗತಿ.

ಆ ವರ್ಷದ ಮಾಗಿಯಲ್ಲಿ ನಮಗೆ ಬಂದ ಚೀಟಿ ‘ಸಾಲ ಕೇಳುವ ರೈತ, ಬ್ಯಾಂಕಿನ ಮ್ಯಾನೇಜರು’. ನಾನು ಓಡಿಹೋಗಿ ಕುರ್ಚಿಯಲ್ಲಿ ಕುಳಿತೆ. ಗೆಳೆಯ ಟವೆಲ್ಲು ಹೆಗಲಿಗೆ ಹಾಕಿಕೊಂಡವನಂತೆ ನಟಿಸಿ, ಕೈಕಟ್ಟಿ ನಿಂತ. ಆಟ ಚೆನ್ನಾಗಿಯೇ ಸಾಗಿತು. ‘ಸಾಲಕ್ಕೆ ಆಧಾರ ಏನು ಕೊಡ್ತೀಯಪ್ಪಾ?’ ಎಂದೆ. ‘ಮನೆ ಐತೆ ಸಾಮಿ’ ಎಂದ. ನನ್ನ ಬಾಯಿಂದ ಬಂತು: ‘ಮನೆ ಎಲ್ಲೈತೋ? ನಿಮ್ಮನೆ ಬಾಗಿಲು ಸೊಸೈಟಿಯೋರ ಗೋದಾಮಿನಾಗೆ ಐತಲ್ಲ!’

ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕು. ಸಾಲ ತೀರಿಸದ ರೈತನ ಮನೆಯ ಬಾಗಿಲನ್ನೇ ಕಿತ್ತು ಹೊತ್ತೊಯ್ಯುವ ಜಪ್ತಿಯ ಪದ್ಧತಿ ನಮ್ಮ ಕಡೆ ಇತ್ತು. 1980ರಲ್ಲಿ ಹುಟ್ಟಿದ ರೈತಸಂಘ ಶಿವಮೊಗ್ಗದ ಸೀಮೆಯಲ್ಲಿ ಬಲವಾಗಿ ಬೇರೂರಿದ್ದಕ್ಕೆ ಈ ಜಪ್ತಿಯ ಅವಮಾನವೂ ಒಂದು ಕಾರಣ. ನಮ್ಮ ಕಾಲಕ್ಕೆ ಅದು ಬಹುಮಟ್ಟಿಗೆ ನಿಂತಿತ್ತು. ಆದರೂ ಆ ವಾರ ಒಂದು ಮನೆಯಲ್ಲಿ ನಡೆದುಹೋಗಿತ್ತು. ಅದು ನನ್ನ ಗೆಳೆಯನ ಮನೆ. ಅವರ ಊರಿನಿಂದ ಬರುವ ಹುಡುಗರು ಬಸ್ಸಿನಲ್ಲಿ ಅದನ್ನೇ ಮಾತಾಡಿಕೊಂಡಿದ್ದರು. ನಾನು ಕೇಳಿಸಿಕೊಂಡಿದ್ದೆ. ಅವನು ನನಗೆ ಹೇಳಿರಲಿಲ್ಲ.

ಕೊಠಡಿ ನಕ್ಕಿತು. ಎಲ್ಲರಿಗೂ ವಿಷಯ ಗೊತ್ತಿತ್ತೆಂದು ಆ ನಗುವಿನಿಂದಲೇ ತಿಳಿಯಿತು. ಮೇಷ್ಟ್ರಿಗೆ ಮಾತ್ರ ಗೊತ್ತಿರಲಿಲ್ಲ, ಅವರೂ ನಕ್ಕರು. ಗೆಳೆಯ ನನ್ನ ಮುಖವನ್ನು ಒಂದು ಸಲ ನೋಡಿದ. ಆಮೇಲೆ ನಿಯಮದಂತೆ ಒಪ್ಪಿಕೊಂಡ. ‘ಹೌದು ಸಾಮಿ, ಬಾಗ್ಲು ಹೋಗಿದ್ದು ಒಳ್ಳೇದೇ ಆತು. ಮೊದ್ಲು ಸಾಲ ಕೇಳಾಕೆ ಬಂದೋರು ಬಾಗ್ಲು ತಟ್ಟಿ ತಟ್ಟಿ ನಿದ್ದೆ ಕೆಡಿಸ್ತಿದ್ರು. ಈಗ ತಟ್ಟಾಕೆ ಏನೈತೆ?’ ಎಂದ.

ಅದಕ್ಕಿಂತ ದೊಡ್ಡ ನಗು ಆ ಸಂಘದಲ್ಲಿ ನಾನು ಕೇಳಲಿಲ್ಲ. ಅಂದಿನ ಬಹುಮಾನ, ಒಂದು ಇಂಕ್ ಪೆನ್ನು, ಅವನಿಗೆ ಹೋಯಿತು. ಮುಂದಿನ ಶನಿವಾರ ಅವನು ಚೀಟಿ ಎತ್ತಲು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಹತ್ತನೆಯ ತರಗತಿ ಮುಗಿಯುವ ತನಕ ಅವನು ಆ ಕಪ್ಪುಹಲಗೆಯ ಮುಂದೆ ನಿಲ್ಲಲಿಲ್ಲ. ನನ್ನೊಡನೆ ಮಾತು ಬಿಟ್ಟನೇ? ಇಲ್ಲ. ಬಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು.

ನಾನು ಬೇಕೆಂದು ಹಾಗೆ ಅಂದೆನೇ? ಖಂಡಿತವಾಗಿ ಇಲ್ಲ. ಆ ಮಾತು ಮುಗಿಯುವ ತನಕ ಅದು ಏನೆಂಬುದು ನನಗೇ ತಿಳಿದಿರಲಿಲ್ಲ. ಹಾಗಾದರೆ ನಾನು ಹೊಣೆಯಲ್ಲ ಎನ್ನೋಣವೇ? ಕೊಲೆಯ ಮೊಕದ್ದಮೆಯಲ್ಲಿ ಸಹ ಯೋಚಿಸಿ ಮಾಡಿದ್ದಕ್ಕೂ ಆವೇಶದಲ್ಲಿ ಆದದ್ದಕ್ಕೂ ನ್ಯಾಯಾಧೀಶರು ಭೇದ ಎಣಿಸುತ್ತಾರೆ. ಈ ವಾದವನ್ನು ನಾನು ಎಷ್ಟೋ ರಾತ್ರಿ ನನಗೆ ನಾನೇ ಮಂಡಿಸಿಕೊಂಡಿದ್ದೇನೆ. ವಕೀಲನೂ ನಾನೇ, ನ್ಯಾಯಾಧೀಶನೂ ನಾನೇ ಆದದ್ದರಿಂದ ಹಲವು ಸಲ ಗೆದ್ದೂ ಇದ್ದೇನೆ.

ಇದಕ್ಕೆ ಎದುರಾದ ವಾದವೂ ಒಂದುಂಟು. ಕುಡಿದವನ ಬಾಯಲ್ಲಿ, ಕನಸಿನಲ್ಲಿ, ಕೋಪದಲ್ಲಿ ಹೊರಬೀಳುವುದೇ ಮನುಷ್ಯನ ನಿಜವಾದ ಅಂತರಂಗವಂತೆ. ಯೋಚಿಸಿ ಆಡಿದ್ದೆಲ್ಲ ಬರಿಯ ಮುಸುಕಂತೆ. ಇದನ್ನು ನಂಬಿದರೆ ನಾನು ಒಳಗೊಳಗೆ ಗೆಳೆಯನ ದ್ವೇಷಿಯಾಗಿದ್ದೆನೆಂದು ಒಪ್ಪಬೇಕಾಗುತ್ತದೆ. ಅದನ್ನು ನಾನು ಒಪ್ಪಲಾರೆ. ಅವನು ನನ್ನ ಬುತ್ತಿಯ ಪಾಲುಗಾರ. ನೀರು ಇಳಿದ ತುಂಗಭದ್ರೆಯ ಬಂಡೆಗಳ ಮೇಲೆ ನಾವಿಬ್ಬರು ಕಳೆದ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ.

ಎರಡು ವಾದಗಳೂ ಮಾತಿನ ತವರನ್ನು ತಪ್ಪಾಗಿ ತಿಳಿದಿವೆಯೆಂದು ನನಗೆ ತೋರುತ್ತದೆ. ಯೋಚನೆಯಿಲ್ಲದೆ ಬಂದ ಮಾತು ಆಕಾಶದಿಂದ ಉದುರುವುದಿಲ್ಲ. ಹಾಗೆಂದು ಪಾತಾಳದಿಂದಲೂ ಏಳುವುದಿಲ್ಲ. ಅದು ಮನೆಯ ಅಂಗಳದಲ್ಲಿ ಬಿದ್ದಿದ್ದನ್ನು ಎತ್ತಿಕೊಂಡು ಬರುತ್ತದೆ. ನಾಯಿ ಬಂದಾಗ ಕೈಗೆ ಸಿಕ್ಕಿದ್ದನ್ನು ಎಸೆಯುತ್ತೇವಲ್ಲ, ಹಾಗೆ. ಕಲ್ಲೇ ಏಕೆ ಸಿಕ್ಕಿತು ಎಂದರೆ ಅಂಗಳದಲ್ಲಿ ಕಲ್ಲು ಬಿದ್ದಿತ್ತು. ಆ ವಾರದ ಬಸ್ಸಿನ ಮಾತು ನನ್ನ ಅಂಗಳದಲ್ಲಿ ಬಿದ್ದಿತ್ತು, ಬಾಯಿ ಎತ್ತಿಕೊಂಡಿತು. ಎಸೆದ ಗಳಿಗೆಗೆ ನಾನು ಹೊಣೆಯಲ್ಲದಿರಬಹುದು. ಅದನ್ನು ಅಂಗಳದಲ್ಲಿ ಬಿಟ್ಟುಕೊಂಡದ್ದಕ್ಕೆ, ಬಸ್ಸಿನಲ್ಲಿ ಕಿವಿ ನಿಮಿರಿಸಿ ಕೇಳಿ, ರುಚಿಯಾಗಿದೆಯೆಂದು ಕೈಗೆಟಕುವ ಕಡೆ ಇಟ್ಟುಕೊಂಡದ್ದಕ್ಕೆ ಹೊಣೆ ಯಾರು?

ಕಂಪನಿ ನಾಟಕಗಳ ಹಾಸ್ಯವನ್ನು ಈ ದೃಷ್ಟಿಯಿಂದ ನೋಡಿದರೆ ಒಂದು ಮಾತು ಹೊಳೆಯುತ್ತದೆ. ನಾನು ಆ ನಾಟಕಗಳ ಅಭಿಮಾನಿ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯ ಆಟಗಳನ್ನು ನಮ್ಮ ಸೀಮೆ ಎಂದಿಗೂ ಮರೆಯಲಾರದು. ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ಬಂದರೆ ಬರೆದ ಮಾತಿಗಿಂತ ಬೆಳೆಸಿದ ಮಾತೇ ಹೆಚ್ಚಾಗಿರುತ್ತಿತ್ತೆಂದು ನೋಡಿದ ಹಿರಿಯರು ಹೇಳುತ್ತಿದ್ದರು. 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಆ ದಿನದ ಸುದ್ದಿಯನ್ನು ಆ ರಾತ್ರಿಯೇ ರಂಗಕ್ಕೆ ತಂದು ಮಂತ್ರಿಮಹೋದಯರ ಬೆವರಿಳಿಸುತ್ತಿದ್ದರು. ಇವೆಲ್ಲ ನಿಜ. ಆದರೆ ಪ್ರತಿಭೆ ಕಡಿಮೆಯಾದ ಹಾಸ್ಯಗಾರನಿಗೆ ಮಾತು ತೋಚದಾಗ ಅವನು ಎಲ್ಲಿಗೆ ಓಡುತ್ತಿದ್ದ? ಉಗ್ಗುವವನ ಉಗ್ಗಿಗೆ, ಕಿವುಡನ ಕಿವಿಗೆ, ದಪ್ಪಗಿರುವ ಹೆಂಗಸಿನ ಸೊಂಟಕ್ಕೆ, ಕೆಳಜಾತಿಯವನ ಮಾತಿನ ಧಾಟಿಗೆ. ಇವು ಊರೆಲ್ಲರ ಅಂಗಳದಲ್ಲಿಯೂ ಬಿದ್ದಿರುವ ಕಲ್ಲುಗಳು; ಎತ್ತಿಕೊಳ್ಳಲು ಬಗ್ಗಬೇಕಾಗಿಯೂ ಇಲ್ಲ. ಆಶುಹಾಸ್ಯದ ವೇಗವೇ ಅದರ ಅಪಾಯ. ಹುಡುಕುವುದಕ್ಕೆ ಹೊತ್ತಿಲ್ಲದವನು ಎಲ್ಲರೂ ನಡೆದು ಸವೆದ ದಾರಿಯನ್ನೇ ಹಿಡಿಯುತ್ತಾನೆ.

ಈ ಅಪಾಯ ನಮ್ಮ ಪ್ರಾಚೀನರಿಗೂ ತಿಳಿದಿತ್ತು. ನಾಟ್ಯಶಾಸ್ತ್ರದ ಕೊನೆಯಲ್ಲಿ ಒಂದು ವಿಚಿತ್ರವಾದ ಕಥೆ ಬರುತ್ತದೆ. ಭರತಮುನಿಯ ಪುತ್ರರು ನಾಟ್ಯವಿದ್ಯೆಯಲ್ಲಿ ಪಳಗಿ, ಆ ಮದದಲ್ಲಿ ಪ್ರಹಸನಗಳನ್ನು ಕಟ್ಟಿ ಋಷಿಗಳನ್ನೇ ಅಣಕಿಸಿದರು. ಋಷಿಗಳು ಕೋಪಗೊಂಡು ಶಪಿಸಿದರು. ನಟರ ಕುಲ ತನ್ನ ಅಂತಸ್ತನ್ನು ಕಳೆದುಕೊಂಡಿತು. ಪಾಠ ಹೇಳುವಾಗ ಈ ಕಥೆ ನನ್ನನ್ನು ಎರಡು ಕಡೆಗೂ ಎಳೆಯುತ್ತದೆ. ಋಷಿಗಳನ್ನು ಅಣಕಿಸಿದರೆ ಏನಾಯಿತು? ದೊಡ್ಡವರನ್ನು ಅಣಕಿಸುವುದಲ್ಲವೇ ಹಾಸ್ಯದ ಧರ್ಮ? ಶಾಪ ಕೊಡುವ ಶಕ್ತಿಯುಳ್ಳವನು ನಗುವಿಗೆ ಗುರಿಯಾಗಲು ತಕ್ಕವನೇ ಸರಿ. ಆದರೆ ಜಗತ್ತಿನಲ್ಲಿ ಅಣಕಕ್ಕೆ ಒಳಗಾಗುವವರಲ್ಲಿ ಮುಕ್ಕಾಲು ಮಂದಿಗೆ ಶಾಪ ಕೊಡುವ ಶಕ್ತಿಯಿಲ್ಲ. ಅವರ ಬಾಗಿಲಂತೂ ಗೋದಾಮಿನಲ್ಲಿರುತ್ತದೆ.

ಗ್ರೀಸಿನ ಅರಿಸ್ಟಾಟಲ್ ತನ್ನ ನೀತಿಗ್ರಂಥದಲ್ಲಿ ವಿನೋದವನ್ನು ಒಂದು ಸದ್ಗುಣವೆಂದೇ ಎಣಿಸಿದ್ದಾನೆ. ಏನಾದರೂ ಮಾಡಿ ನಗಿಸಲೇಬೇಕೆನ್ನುವ ಕೋಡಂಗಿಗೂ ನಗುವನ್ನೇ ಸಹಿಸದ ಒರಟನಿಗೂ ನಡುವಿನ ದಾರಿ ಅದು. ಅಪಹಾಸ್ಯವೂ ಒಂದು ಬಗೆಯ ಬೈಗಳೇ, ಕೆಲವು ಬೈಗಳನ್ನು ನಿಷೇಧಿಸಿದ ಶಾಸನಕಾರರು ಕೆಲವು ಹಾಸ್ಯಗಳನ್ನೂ ನಿಷೇಧಿಸಬೇಕಿತ್ತೇನೋ ಎಂದು ಅವನು ಅನುಮಾನಿಸುತ್ತಾನೆ. ಕೊನೆಗೆ ಸುಸಂಸ್ಕೃತನು ತನಗೆ ತಾನೇ ಕಾನೂನಾಗಿರುತ್ತಾನೆಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಾನೆ. ಹದಿನಾಲ್ಕು ವರ್ಷದ ಹುಡುಗ ಹೇಗೆ ಸುಸಂಸ್ಕೃತನಾಗಬೇಕೆಂಬುದನ್ನು ಆ ಮಹಾನುಭಾವ ಹೇಳಿದ್ದರೆ ನನಗೆ ಉಪಕಾರವಾಗುತ್ತಿತ್ತು.

ಅದನ್ನು ನನಗೆ ತೋರಿಸಿಕೊಟ್ಟವನು ಜಗಳೂರು ಕಡೆಯ ಒಬ್ಬ ಕುರಿಗಾಹಿ. ಬಂಧುಗಳ ಊರಿಗೆ ಹೋಗಿದ್ದಾಗ ಅಲ್ಲಿ ಬಯಲಾಟವಿತ್ತು. ಮಳೆ ಕಡಿಮೆಯಾದ ಆ ಸೀಮೆಯಲ್ಲಿ ಆಟಕ್ಕೆ ಮಾತ್ರ ಬರವಿಲ್ಲ. ಅರಸುಗಳ ಪಾತ್ರ ಮಾಡುವವರು ತಿಂಗಳುಗಟ್ಟಲೆ ಮಾಸ್ತರರ ಮುಂದೆ ಕುಳಿತು ಮಾತುಗಳನ್ನು ಬಾಯಿಪಾಠ ಮಾಡುತ್ತಾರೆ. ಗ್ರಾಂಥಿಕವಾದ ಗಟ್ಟಿ ಮಾತು ಅದು. ಸಾರಥಿಯ ಕಟ್ಟು ಅಷ್ಟು ಬಿಗಿಯಲ್ಲ. ಬಂದ ಪ್ರತಿಯೊಂದು ಪಾತ್ರವನ್ನೂ ಅವನು ತಡೆದು ‘ತಾವು ಯಾರು, ಯಾವ ಊರು’ ಎಂದು ವಿಚಾರಿಸಬೇಕು, ಜನರನ್ನು ನಗಿಸಬೇಕು, ಊರಿನ ಆಡುಮಾತಿನಲ್ಲಿ ಬಾಯಿಗೆ ಬಂದದ್ದನ್ನು ಆಡಬಹುದು. ಅಂದು ಕೌರವನ ವೇಷ ಹಾಕಿದ್ದವರು ವಯಸ್ಸಾದ ರೈತರು. ನಡುರಾತ್ರಿ ಕಳೆದ ಮೇಲೆ, ತುಂಬಿದ ಸಭೆಯಲ್ಲಿ, ಅವರಿಗೆ ಮಾತು ಮರೆತುಹೋಯಿತು. ಕಿರೀಟದ ಕೆಳಗೆ ಬೆವರು ಇಳಿಯುತ್ತಿತ್ತು. ಮಾಸ್ತರರು ಪಿಸುಗುಟ್ಟಿದ್ದು ತಾಳದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಹುಡುಗರು ಶಿಳ್ಳೆ ಹಾಕತೊಡಗಿದರು.

ಸಾರಥಿಗೆ ಅದು ಬಂಗಾರದಂತಹ ಅವಕಾಶ. ಒಂದು ಕುಹಕ ಆಡಿದ್ದರೆ ಸಾವಿರ ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನು ಏನು ಮಾಡಿದ? ಜನರ ಕಡೆ ತಿರುಗಿ, ‘ಸುಮ್ನಿರ್ರಲೇ! ನೂರು ಜನ ತಮ್ಮಂದಿರ ಹೆಸ್ರು ನೆಪ್ಪಿಟ್ಕಂಬೋ ತಲೆ ಅದು, ನಿಮ್ಮಂಗೆ ಖಾಲಿ ಅಲ್ಲ’ ಎಂದ. ನಗು ಶಿಳ್ಳೆಯವರ ಮೇಲೆ ತಿರುಗಿತು. ಆಮೇಲೆ ಅರಸನ ಪಾದದ ಬಳಿ ಬಗ್ಗಿ, ‘ಮಾರಾಜ್ರೇ, ಆ ಪಾಂಡವ್ರು, ಆ ಪಾಂಡವ್ರು ಅಂತ ಬೆಳಿಗ್ಗಿಂದ ಹಲ್ಲು ಕಡೀತಿದ್ರಿ, ಅವರೇನು ನಿಮ್ಮ ಹೊಲದಾಗೆ ದನ ಬಿಟ್ರಾ?’ ಎಂದು ಕೇಳಿದ. ಜನ ನಕ್ಕರು. ಆ ನಗುವಿನ ಮರೆಯಲ್ಲಿ ಕೌರವನಿಗೆ ತನ್ನ ಮಾತಿನ ಮೊದಲ ಪದ ಸಿಕ್ಕಿತ್ತು. ‘ಆ ಪಾಂಡವರು...’ ಎಂದು ಗದೆ ಎತ್ತಿ ಗರ್ಜಿಸಿದರು ನೋಡಿ, ಆಟ ಮುಂದಕ್ಕೆ ಹರಿಯಿತು. ಸಾರಥಿ ಹಾಸ್ಯದೊಳಗೆ ಅರಸನ ಮಾತನ್ನು ಹುದುಗಿಸಿ ಕೊಟ್ಟಿದ್ದ. ಸಭೆಯಲ್ಲಿ ಎಷ್ಟು ಜನಕ್ಕೆ ಅದು ತಿಳಿಯಿತೋ ಕಾಣೆ.

ಬೆಳಿಗ್ಗೆ ಅವನನ್ನು ಕಂಡು, ‘ಅದು ಹೇಗೆ ಹೊಳೀತಣ್ಣಾ?’ ಎಂದು ಕೇಳಿದೆ. ‘ಹೊಳಿಯಾದೇನು ಬಂತು ಮೇಷ್ಟ್ರೆ, ಮುದುಕ್ರು ಪಾಪ ನಿಂತಿದ್ರು’ ಎಂದ. ಅಷ್ಟೇ ಅವನ ಅಲಂಕಾರಶಾಸ್ತ್ರ. ಅವನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಅವನ ಕೈಗೆ ಬೇರೆ ವಸ್ತು ಸಿಕ್ಕಿತು.

ತಾಳಮದ್ದಳೆಯಲ್ಲಿ ಇದೇ ಗುಣ ಪಾಂಡಿತ್ಯದ ಮಟ್ಟಕ್ಕೆ ಏರಿದೆ. ಕಾಸರಗೋಡು, ದಕ್ಷಿಣ ಕನ್ನಡ, ಉಡುಪಿಯ ಕಡೆ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತೇ ನಡೆಯುವ ಆ ಕೂಟದಲ್ಲಿ ಭಾಗವತರು ಹಾಡುವ ಪದ್ಯ ಮಾತ್ರ ನಿಶ್ಚಿತ. ಅರ್ಥಧಾರಿಗಳ ಸಂಭಾಷಣೆಯೆಲ್ಲ ಆ ಗಳಿಗೆಯದು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕುಳಿತರೆ ಎದುರಿಗಿರುವ ರಾಮ ಉತ್ತರಕ್ಕೆ ತಡಕಾಡಬೇಕಾಗುತ್ತಿತ್ತೆಂದು ಕೇಳಿದವರು ಹೇಳುತ್ತಾರೆ. ಆದರೆ ಇಲ್ಲಿ ಒಂದು ಸ್ವಾರಸ್ಯವಿದೆ. ವಾಲಿ ವಾದದಲ್ಲಿ ಎಷ್ಟೇ ಗೆಲ್ಲಲಿ, ಕೊನೆಗೆ ಸಾಯಲೇಬೇಕು, ಕಥೆ ಹಾಗಿದೆ. ಎದುರಾಳಿಯನ್ನು ಪೂರ್ತಿ ಮಾತಿಲ್ಲದಂತೆ ಮಾಡಿಬಿಟ್ಟರೆ ಪ್ರಸಂಗವೇ ಮುಂದೆ ಸಾಗದು. ಆದ್ದರಿಂದ ನುರಿತ ಅರ್ಥಧಾರಿ ಎದುರಿನವನಿಗೆ ಒಂದು ದಾರಿಯನ್ನು ಉಳಿಸಿಯೇ ಬಾಣ ಬಿಡುತ್ತಾನೆ.

ನಾನು ಗೆಳೆಯನಿಗೆ ಯಾವ ದಾರಿ ಉಳಿಸಿದ್ದೆ? ಅವನೇ ಒಂದನ್ನು ಕಡಿದುಕೊಂಡ.

ಈಗ ಈ ಪ್ರಸ್ತಾಪಕ್ಕೆ ಕಾರಣವಾದ ಸಂಗತಿಗೆ ಬರುತ್ತೇನೆ. ನಾನು ಪಾಠ ಹೇಳುವುದು ಚನ್ನಗಿರಿಯಲ್ಲಿ. ಅಡಕೆ ತೋಟದ ಮಕ್ಕಳು, ಕೂಲಿಯವರ ಮಕ್ಕಳು, ಜಗಳೂರಿನಿಂದ ಬಂದು ಹಾಸ್ಟೆಲಿನಲ್ಲಿ ಇರುವವರು, ನ್ಯಾಮತಿ ಕಡೆಯ ತಾಂಡಾಗಳ ಹುಡುಗಿಯರು ಎಲ್ಲರೂ ನಮ್ಮ ಕಾಲೇಜಿನಲ್ಲಿದ್ದಾರೆ. ಕನ್ನಡ ಸಂಘದಲ್ಲಿ ನಾನೂ ಒಂದು ಡಬ್ಬಿ ಇಟ್ಟಿದ್ದೇನೆ. ಹೋದ ವರ್ಷ ಒಬ್ಬ ಹುಡುಗ, ಒಬ್ಬಳು ಲಂಬಾಣಿ ಹುಡುಗಿ ಜೊತೆಯಾಗಿ ಚೀಟಿ ಎತ್ತಿದರು. ಅವಳು ಅಂಗಡಿಯಾಕೆ, ಅವನು ಗಿರಾಕಿ. ಅವನಿಗೆ ಮಾತು ತೋಚಲಿಲ್ಲ. ತೋಚದಾಗ ಅವಳ ಕನ್ನಡದ ಧಾಟಿಯನ್ನು ಅಣಕಿಸಿದ. ಸಭೆ ನಕ್ಕಿತು. ಅವಳು ನಿಂತಳು, ನನ್ನ ಕಡೆ ತಿರುಗಿ, ‘ಸರ್, ಇದನ್ನ ನಾನು ಒಪ್ಪಿಕೊಳ್ಳಲ್ಲ’ ಎಂದು ಹೇಳಿ ವೇದಿಕೆಯಿಂದ ಇಳಿದುಹೋದಳು.

ನಿಯಮ ಮುರಿಯಿತು, ಆಟ ಕೆಟ್ಟಿತು. ‘ಅಷ್ಟಕ್ಕೆ ಸಿಟ್ಟೇ? ತಮಾಷೆ ತಾನೇ’ ಎಂದು ಕೆಲವರು ಗೊಣಗಿದರು. ನನಗಾದರೋ ಎದೆಯ ಮೇಲಿದ್ದ ಹಳೆಯ ಭಾರವೊಂದು ಅಲುಗಿದಂತಾಯಿತು. ‘ಇಲ್ಲ’ ಎನ್ನಕೂಡದೆಂಬ ನಿಯಮ ಸಮಾನವಾಗಿ ನಿಂತ ಇಬ್ಬರಿಗೆ ಮಾತ್ರ ನಿಯಮ. ಒಬ್ಬನು ಬಂಡೆಯ ಮೇಲೆ, ಇನ್ನೊಬ್ಬಳು ಹಳ್ಳದಲ್ಲಿ ನಿಂತಿರುವಾಗ ಮೇಲಿನಿಂದ ಬಿದ್ದದ್ದನ್ನೆಲ್ಲ ‘ಹೌದು’ ಎಂದು ಹಿಡಿಯೆಂದು ಹೇಳುವುದು ಆಟದ ಧರ್ಮವಲ್ಲ. ಹಾಗಾದರೆ ನನ್ನ ಗೆಳೆಯ ಒಪ್ಪಿಕೊಂಡದ್ದು ದೌರ್ಬಲ್ಯವೇ? ಹಾಗೆಂದರೆ ಅವನಿಗೆ ಇನ್ನೊಮ್ಮೆ ಅನ್ಯಾಯ ಮಾಡಿದಂತಾಗುತ್ತದೆ. ಅವನು ನನ್ನ ಕೈಯಿಂದ ಆ ಬಾಗಿಲನ್ನು ಕಸಿದುಕೊಂಡು ತನ್ನದು ಮಾಡಿಕೊಂಡಿದ್ದ. ಅವನ ಉತ್ತರದಲ್ಲಿ ನಗೆಪಾಟಲಾದವರು ಬಾಗಿಲು ತಟ್ಟುವವರೇ ಹೊರತು ಬಾಗಿಲಿಲ್ಲದವನಲ್ಲ. ತನ್ನ ಮೇಲೆ ತಾನೇ ನಗುವ ಈ ವಿದ್ಯೆ ನೆರೆಯ ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿಯವರಿಗೆ ಸಿದ್ಧಿಸಿತ್ತು. ಆತ್ಮಕಥೆಯನ್ನೇ ‘ನನ್ನ ಭಯಾಗ್ರಫಿ’ ಎಂದು ಕರೆದವರು ಅವರು. ಆದರೆ ಅವರು ಇಷ್ಟಪಟ್ಟು ನಕ್ಕರು. ಗೆಳೆಯನನ್ನು ನಾನು ಮೂಲೆಗೆ ಒತ್ತಿ ನಗಿಸಿದೆ. ಆ ಹುಡುಗಿಯದೂ ಸರಿ, ಗೆಳೆಯನದೂ ಸರಿ. ಇಬ್ಬರಲ್ಲಿ ಯಾರಿಗೂ ಅಂತಹ ಪರೀಕ್ಷೆಯನ್ನು ಒಡ್ಡಬಾರದಾಗಿತ್ತು, ಅಷ್ಟೆ.

ನನ್ನ ಸಹೋದ್ಯೋಗಿಯೊಬ್ಬರು ಬಹಳ ಸಜ್ಜನರು. ಅವರು ಒಂದು ಸಲಹೆ ಕೊಟ್ಟರು. ಇನ್ನು ಮುಂದೆ ಹುಡುಗರು ಆಡುವುದನ್ನೆಲ್ಲ ಮೊದಲೇ ಬರೆದು ತರಲಿ, ನಾವು ಓದಿ ರುಜು ಹಾಕೋಣ, ರುಜು ಬಿದ್ದದ್ದನ್ನು ಮಾತ್ರ ಆಡಲಿ ಎಂದು. ಸಲಹೆಯಲ್ಲಿ ಕಾಳಜಿಯಿದೆ, ಒಪ್ಪುತ್ತೇನೆ. ಆದರೆ ಬರೆದ ನಾಟಕಗಳು ಯಾರನ್ನೂ ನೋಯಿಸಿಲ್ಲವೇ? ರುಜು ಹಾಕಿದ ಕಲ್ಲು ಮೆತ್ತಗಾಗುವುದೇ? ಅದಿರಲಿ, ಹಾಗೆ ಮಾಡಿದರೆ ಹುಡುಗರ ಅಂಗಳದಲ್ಲಿ ಏನಿದೆಯೆಂಬುದು ಅವರಿಗೂ ಕಾಣಿಸದು, ನನಗೂ ಕಾಣಿಸದು. ಅಂದು ಆ ಮಾತು ಬಾಯಿಗೆ ಬರದೆ ಹೋಗಿದ್ದರೆ, ಬಸ್ಸಿನಲ್ಲಿ ಕೇಳಿದ ಪರರ ಕಷ್ಟವನ್ನು ಮಿಠಾಯಿಯಂತೆ ಜೇಬಿನಲ್ಲಿಟ್ಟುಕೊಂಡು ತಿರುಗುವವನು ನಾನು ಎಂಬುದು ನನಗೆ ತಿಳಿಯುತ್ತಿತ್ತೇ? ಮೂರು ಕಾಲಿನ ಎಮ್ಮೆ ಯಾವ ರುಜುವಿನಿಂದಲೂ ಎದ್ದು ನಡೆಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಡಬ್ಬಿಯನ್ನು ತೆಗೆಯಲಿಲ್ಲ. ‘ಒಪ್ಪಲ್ಲ’ ಎನ್ನುವ ಹಕ್ಕನ್ನು ನಿಯಮಕ್ಕೆ ಸೇರಿಸಿದೆ. ಮೂರು ವಾರದ ಮೇಲೆ ಆ ಹುಡುಗಿ ತಾನಾಗಿ ಬಂದು, ‘ಸರ್, ನಾನು ನಮ್ಮ ಭಾಷೆಯಲ್ಲೇ ಆಡ್ತೀನಿ, ಜೊತೆಗಾರ ಕನ್ನಡದಲ್ಲಿ ಉತ್ತರ ಕೊಡಲಿ’ ಎಂದಳು. ಜೊತೆಗೆ ಬಂದವನು ಜಗಳೂರಿನ ಹುಡುಗ, ಲಂಬಾಣಿ ಭಾಷೆಯ ಒಂದು ಪದವೂ ಅರಿಯದವನು. ಅವಳು ಏನು ಕೇಳಿದಳೋ ಅವನಿಗೆ ತಿಳಿಯಲಿಲ್ಲ, ‘ಹೌದು’ ಎನ್ನಲೇಬೇಕು, ಹೌದೌದೆನ್ನುತ್ತ ಅವನು ಐದು ನಿಮಿಷದಲ್ಲಿ ತನ್ನ ಹೊಲ ಮಾರಿ, ಮೀಸೆ ಬೋಳಿಸಿಕೊಂಡು, ಅವಳ ಅಜ್ಜನ ಎಂಟು ಆಡುಗಳನ್ನು ಕಾಯಲು ಒಪ್ಪಿಕೊಂಡನೆಂದು ತಾಂಡಾದ ಹುಡುಗಿಯರು ಬಿಡಿಸಿ ಹೇಳಿದಾಗ ನಾವೆಲ್ಲ ನಕ್ಕೆವು. ಅತಿ ಹೆಚ್ಚು ನಕ್ಕವನು ಅವನೇ. ಮೊದಲು ಅಣಕಿಸಿದ ಹುಡುಗ ಅಂದು ಬಂದಿರಲಿಲ್ಲ. ಅವನು ಕ್ಷಮೆ ಕೇಳಿದನೇ ಎಂದು ನಾನು ವಿಚಾರಿಸಲಿಲ್ಲ. ವಿಚಾರಿಸುವ ಯೋಗ್ಯತೆ ನನಗಿರಲಿಲ್ಲ.

ನಾನು ಕ್ಷಮೆ ಕೇಳಿದ್ದು ಬಹಳ ತಡವಾಗಿ. ಈ ಬೇಸಗೆಯಲ್ಲಿ ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ಗೆಳೆಯ ಸಿಕ್ಕಿದ. ತಲೆ ಅರ್ಧ ನರೆತಿದೆ. ಕೈಯಲ್ಲಿ ಔಷಧಿ ಡಬ್ಬ, ಮೆಕ್ಕೆಜೋಳದ ಹೊಲಕ್ಕೆ. ಚಹಾ ಕುಡಿಯುತ್ತ ನಾನು ಆ ಶನಿವಾರದ ಮಾತೆತ್ತಿದೆ. ಮೂವತ್ತು ವರ್ಷ ಹೊತ್ತುಕೊಂಡದ್ದನ್ನು ಹೇಳಿದೆ. ಅವನು ಲೋಟ ಕೆಳಗಿಟ್ಟು ನಕ್ಕ.

‘ಅಯ್ಯೋ ಮಾರಾಯ, ಅದ್ನಿನ್ನೂ ಇಟ್ಕಂಡಿದೀಯಾ? ತಟ್ಟಾಕೆ ಏನೈತೆ ಅಂದಿದ್ದು ನೆಪ್ಪೈತೆ ನಂಗೆ. ಮನೇಲಿ ಅಪ್ಪಗೂ ಹೇಳಿದ್ದೆ. ಆ ವಾರ ಅಪ್ಪ ನಕ್ಕಿದ್ದು ಅದೊಂದೇ ಸಲ.’

‘ಹಾಗಾದ್ರೆ ಆಮೇಲೆ ಯಾಕೆ ಬರಲಿಲ್ಲ ನೀನು ಚೀಟಿ ಎತ್ತಾಕೆ?’

‘ಶನಿವಾರ ಬೇಗ ಹೋಗ್ಬೇಕಿತ್ತು ಕಣೋ. ಕೂಲಿಗೆ.’

ಇದು ನಿಜವಿರಬಹುದು. ಅಥವಾ ನಾನು ಅವನ ಕೈಗೆ ಮತ್ತೊಂದು ಭಾರವಾದ ಮಾತನ್ನು ಕೊಟ್ಟಿದ್ದೆ, ಅವನು ಹಳೆಯ ನಿಯಮದಂತೆ ಅದನ್ನು ಎತ್ತಿಕೊಂಡು ನನಗೆ ದಾರಿ ಮಾಡಿಕೊಟ್ಟನೋ ಏನೋ. ಅವನ ಮುಖ ನೋಡಿದೆ; ಗೊತ್ತಾಗಲಿಲ್ಲ. ‘ಬಾಗಿಲು ಆಮೇಲೆ ವಾಪಸು ಬಂತಾ?’ ಎಂದು ಕೇಳಿದೆ.

‘ಬಂತು. ಆದ್ರೆ ಗೋದಾಮಿನಾಗೆ ಗೆದ್ಲು ಹಿಡಿದಿತ್ತು. ಈಗ ದನದ ಕೊಟ್ಟಿಗೆಗೆ ಹಾಕೀವಿ. ಎಮ್ಮೆ ಐತಲ್ಲ’ ಎಂದ. ಒಂದು ಗಳಿಗೆ ಬಿಟ್ಟು, ‘ನಾಲ್ಕೂ ಕಾಲು ಅದಾವೆ’ ಎಂದು ಸೇರಿಸಿ, ಹೊರಟ ಬಸ್ಸನ್ನು ಹತ್ತಿದ.